ಮಾಜಿ

ಕರ್ಫ್ಯೂವಿನ ಎರಡನೆಯ ಮಧ್ಯಾಹ್ನ,
ಶಿವಮೊಗ್ಗ, ಗಾಂಧಿ ಬಜಾರಿನ ಹಿಂದಿನ ಬೀದಿ.
ನೀಲಿ ಮಚ್ಚೆಯ ಸಮವಸ್ತ್ರದ ಹುಡುಗ
ನಮ್ಮ ಜಗಲಿಯ ಕಂಬಕ್ಕೆ ಲಾಠಿ ಒರಗಿಸಿ
ಪಾನಿ, ಅಂದ.

ತಂಬಿಗೆ ತುಂಬಿ ಕೊಟ್ಟೆ. ಎತ್ತಿ ಕುಡಿದ.
ಎದೆಯ ಪಟ್ಟಿಯಲ್ಲಿ ಹೆಸರು: ದಿಗಂತ ಬೋರೋ.
ಅಸ್ಸಾಮಿನ ಕಡೆಯವನಂತೆ.
ಯಾವ ಬೀದಿ ಯಾರದು, ಯಾವ ಕಲ್ಲು ಎಲ್ಲಿಂದ ಬಂತು
ಅವನಿಗೆ ತಿಳಿಯದು. ತಿಳಿಯಬಾರದೆಂದೇ
ಅವನನ್ನು ಕರೆಸಿದ್ದು.

ನಾನೂ ಹಾಗೇ ಒಮ್ಮೆ ನಿಂತವನು.
ಸೊರಬದ ಗುತ್ಯಪ್ಪ, ಹವಾಲ್ದಾರ್,
ತಲೆಗೆ ನೀಲಿ ಹೆಲ್ಮೆಟ್ಟು, ತೋಳಿಗೆ ನಮ್ಮ ಬಾವುಟ,
ಕಾಂಗೋದ ಮೂಡಲಿಗೆ, ಕಿವು ಸರೋವರದ ದಂಡೆಗೆ,
ಬೆಂಕಿಬೆಟ್ಟ ಉಗುಳಿದ ಕಪ್ಪು ಕಲ್ಲಿನ ಊರಿಗೆ.
ಅಲ್ಲಿ ಕಲಿತ ಮೊದಲ ಮಾತು: ಮಾಜಿ.
ಮಾಜಿ ಅಂದರೆ ನೀರು.
ಹಳದಿ ಕ್ಯಾನು ಹಿಡಿದ ಮಕ್ಕಳು ಟ್ಯಾಂಕರಿನ ಹಿಂದೆ
ಮಾಜಿ, ಮಾಜಿ ಎಂದು ಓಡಿ ಬಂದರೆ ನನಗೆ ನಗು:
ಇನ್ನೂ ನಾಲ್ಕು ವರ್ಷ ಸರ್ವೀಸಿದೆ ಕಣ್ರೋ,
ಈಗಲೇ ಯಾಕೆ ಮಾಜಿ ಮಾಡ್ತೀರಿ?

ಬಾಳೆಹಣ್ಣು ಮಾರುವ ಫುರಾಹಾ ಕೇಳುತ್ತಿದ್ದಳು
ದುಭಾಷಿಯ ಬಾಯಲ್ಲಿ: ಎಷ್ಟು ದಿನ ಇರ್ತೀರಿ?
ಒಂದು ವರ್ಷ. ಆಮೇಲೆ ಬೇರೆ ಬೆಟಾಲಿಯನ್ನು.
ಅವರಾದ ಮೇಲೆ? ಇನ್ನೊಂದು.
ಹಣ್ಣಿನ ಮೇಲಿನ ನೊಣ ಓಡಿಸಿ ಅಂದಳು:
ಗುಡ್ಡದ ಮೇಲಿರುವವರು ಮಾತ್ರ ಬದಲಾಗುವುದಿಲ್ಲ.

ಒಂದು ರಾತ್ರಿ ಆ ಗುಡ್ಡದಲ್ಲಿ ಗುಂಡು.
ಆದೇಶ ಕೇಳಿದೆವು. ವೈರ್‌ಲೆಸ್ಸು ಕರಕರ ಅಂದಿತು.
ಆದೇಶ ಬರುವಷ್ಟರಲ್ಲಿ ಬೆಳಗಾಗಿ
ಗೇಟಿನ ಮುಂದೆ ಚಾಪೆ, ಪಾತ್ರೆ, ಒಂದು ಹೊಲಿಗೆ ಯಂತ್ರ,
ಮುನ್ನೂರು ಜನ.
ಒಳಗೆ ಬಿಟ್ಟೆವು. ಬದುಕಿದರು, ಅದನ್ನೂ ಹೇಳಬೇಕು.
ಫುರಾಹಾ ಬರಲಿಲ್ಲ. ಅದನ್ನೂ.
ಮರುವಾರ ಅದೇ ಹಳದಿ ಕ್ಯಾನಿನ ಮಕ್ಕಳು
ನಮ್ಮ ಜೀಪಿಗೆ ಕಲ್ಲು ಬೀಸಿದರು.
ಕಪ್ಪು ಕಲ್ಲು, ಹಗುರ, ತೂತು ತೂತು.
ಒಂದು ಈಗಲೂ ನನ್ನ ಟ್ರಂಕಿನಲ್ಲಿದೆ;
ಅಂಗಾಲು ಉಜ್ಜಲು ಬರುತ್ತದೆ.

ಬೇಲಿ ಎದ್ದು ಹೊಲ ಮೇಯಲಿಲ್ಲ ನಾವು.
ಅಷ್ಟೇ ಹೆಚ್ಚುಗಾರಿಕೆ.

ಅಜ್ಜಿ ಮುರಿದ ಕೈಗೆ ಬಿದಿರು ದಬ್ಬೆ ಕಟ್ಟುತ್ತಿದ್ದಳು,
ಸೊಪ್ಪು ಅರೆದು, ನಲವತ್ತು ದಿನ.
ದಬ್ಬೆ ಮೂಳೆಯಾಗಲ್ಲ ಮಗ, ಅನ್ನುತ್ತಿದ್ದಳು,
ಬಿಚ್ಚಲು ಮರೆತರೆ ಕೈಯೇ ಒಣಗುತ್ತೆ.
ಬೇಗ ಬಿಚ್ಚಿದರೆ? ಕೇಳಿರಲಿಲ್ಲ ನಾನು.
ಅಜ್ಜಿ ದಿನಾ ಕೈ ಮುಟ್ಟಿ ನೋಡಿ ಲೆಕ್ಕ ಇಡುತ್ತಿದ್ದಳು.
ನಮ್ಮ ಲೆಕ್ಕ ಇಡುವವರು ಕಡಲಾಚೆ
ಒಂದು ದುಂಡು ಮೇಜಿನ ಸುತ್ತ ಕೂತಿದ್ದರು.

ಈಗ ಅಲ್ಲಿಂದ ಮೆಲ್ಲಗೆ ಕಾಲು ತೆಗೆಯುತ್ತಾರಂತೆ.
ಹಳೆ ಬ್ಯಾಚಿನ ವಾಟ್ಸಾಪಿನಲ್ಲಿ ಫೋಟೋ:
ಸುತ್ತಿಟ್ಟ ಮುಳ್ಳುತಂತಿ,
ಡೇರೆ ಇದ್ದಲ್ಲಿ ಚೌಕಾಕಾರದ ಬಿಳಿಚಿದ ಹುಲ್ಲು.
ಮುಂದೆ ಯಾರು? ಪಕ್ಕದ ದೇಶದವರೋ,
ಗಣಿಯ ಲೆಕ್ಕದಲ್ಲಿ ಸಂಬಳ ಎಣಿಸುವ ಕೂಲಿಪಡೆಯೋ,
ಯಾರೂ ಇಲ್ಲವೋ,
ಯಾರೂ ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ,
ಪಿಂಚಣಿ ಉಣ್ಣುವ ಈ ನಾಲಗೆಗೆ ಬಾರದು.

ಬೋರೋ ತಂಬಿಗೆ ಕೆಳಗಿಟ್ಟ.
ನಮ್ಮೂರಲ್ಲೂ ಅಂಕಲ್, ನಾನು ಹುಟ್ಟಿದಾಗಿನಿಂದ ಫೌಜು,
ಅಂದ, ಹಿಂದಿಯಲ್ಲಿ. ನಗಲಿಲ್ಲ.
ಎಷ್ಟು ದಿನ ಇಲ್ಲಿ? ಕೇಳಿಬಿಟ್ಟೆ.
ನನ್ನ ಬಾಯಲ್ಲಿ ಬಾಳೆಹಣ್ಣಿನವಳ ದನಿ.
ಅವನು ಆಕಾಶದತ್ತ ಕೈ ತೋರಿಸಿದ.

ಎದುರು ಸಾಲಿನಲ್ಲಿ ಬಳೆ ಅಂಗಡಿಯ ಷಟರು,
ಅದಕ್ಕಂಟಿ ಗ್ರಂಧಿಗೆ ಅಂಗಡಿಯದು. ನಡುವೆ ಒಂದೇ ಗೋಡೆ.
ಅಂಗಡಿಯ ಹಿಂದೆಯೇ ಇಬ್ಬರ ಮನೆ.
ಒಬ್ಬರ ಕುಕ್ಕರು ಕೂಗಿದ್ದು ಇನ್ನೊಬ್ಬರು ಎಣಿಸಬಹುದು.
ನನಗದು ಗೊತ್ತು. ಬೋರೋಗೆ ಗೊತ್ತಿಲ್ಲ.
ಹೇಳಿದರೆ ಅವನೇನು ಮಾಡಿಯಾನು,
ಗೊತ್ತಿದ್ದು ನಾನೇನು ಮಾಡಿದೆ.

ಲಾರಿ ಬಂತು. ಹತ್ತಿದ.
ಜಗಲಿಯ ಕಲ್ಲಿನ ಮೇಲೆ ತಂಬಿಗೆ ಇಟ್ಟಲ್ಲಿ
ನೀರಿನ ಒಂದು ಉಂಗುರ,
ಬಿಸಿಲಿಗೆ ಅಂಚಿನಿಂದ ಒಣಗುತ್ತಾ.

ಮಾಜಿ, ಅಂದೆ,
ಯಾರಿಗೂ ಅಲ್ಲ.